ಹಾಲ್‌ನ ಇಟ್ಟಿಗೆ ಗೋಡೆಗೆ ವಾರ್ನಿಷ್, ಸೀಲರ್, ಸುಣ್ಣ: ಮೂರನ್ನೂ ಹಚ್ಚಿ ನೋಡಿದೆ

ಗೃಹಪ್ರವೇಶದ ದಿನ ಊಟ ಮುಗಿಸಿ ಬಂದ ನಮ್ಮ ದೊಡ್ಡಮ್ಮ ಹಾಲ್‌ನ ಗೋಡೆಯನ್ನು ಕೈಯಲ್ಲಿ ಸವರಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಯಾಕಪ್ಪಾ, ಗಾರೆಗೆ ದುಡ್ಡು ಸಾಲಲಿಲ್ವಾ?"

ದುಡ್ಡು ಸಾಲದ್ದೂ ನಿಜವೇ. ಆದರೆ ಗೋಡೆಯನ್ನು ಹಾಗೆ ಬಿಟ್ಟದ್ದು ಬೇಕು ಅಂತಲೇ. ಮೈಸೂರಿನ ನಮ್ಮ ಮನೆಯ ಹಾಲ್ 18 ಅಡಿ ಉದ್ದ, 12 ಅಡಿ ಅಗಲ. ಎರಡು ಗೋಡೆಗೆ ಗಾರೆ ಮಾಡಿಸಿ ಬಿಳಿ ಬಣ್ಣ ಹೊಡೆಸಿದೆವು. ಇನ್ನೆರಡಕ್ಕೆ ಮಾಲೂರಿನಿಂದ ತರಿಸಿದ ವೈರ್‌ಕಟ್ ಇಟ್ಟಿಗೆ. ಇದರ ಮಣ್ಣನ್ನು ಯಂತ್ರ ಒಂದೇ ಉದ್ದನೆಯ ಪಟ್ಟಿಯಾಗಿ ಹೊರದೂಡುತ್ತದೆ, ತಂತಿ ಅದನ್ನು ತುಂಡು ಮಾಡುತ್ತದೆ. ಅದಕ್ಕೇ ಅಂಚು ನೇರ, ಮೈ ನಯ. ಕೈಯಲ್ಲಿ ಅಚ್ಚು ಹಾಕಿದ ಇಟ್ಟಿಗೆಯಲ್ಲಿ ಇಷ್ಟು ಸಲೀಸಾಗಿ ವರಸೆ (ಇಟ್ಟಿಗೆಯ ಸಾಲು) ಕೂರುವುದಿಲ್ಲ.

ಪಡುವಣ ಗೋಡೆಗೆ ಎರಡು ಕಿಟಕಿ. ಹಾಗಾಗಿ ಅದು ತಾನಾಗೇ ಮೂರು ಭಾಗವಾಗಿದೆ. ಹೊರಗಡೆಯೂ ಇಟ್ಟಿಗೆಯೇ, ಮಳೆ ಬಡಿಯುವುದೂ ಅದೇ ಕಡೆಗೆ. ಯಾವುದು ಬಾಳುತ್ತದೆ ಅಂತ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಎಡಕ್ಕೆ ವಾರ್ನಿಷ್, ನಡುವೆ ಸೀಲರ್, ಬಲಕ್ಕೆ ಸುಣ್ಣ. ಬಾಗಿಲ ಪಕ್ಕದ ಎರಡಡಿ ಪಟ್ಟಿಯನ್ನು ಸುಮ್ನೆ ಹಾಗೇ ಬಿಟ್ಟೆ.

ಮೊದಲು ವಾರ್ನಿಷ್. ಬಣ್ಣದ ಅಂಗಡಿಯವರು ಡಬ್ಬ ಕೈಗಿಟ್ಟು "ಗೋಡೆ ಮಿರಮಿರ ಮಿಂಚುತ್ತೆ ಸಾರ್" ಅಂದಿದ್ದರು. ಮಿಂಚಿತು, ಸುಳ್ಳಲ್ಲ. ಈಗಷ್ಟೇ ಮಳೆ ಬಂದು ನಿಂತ ಹಾಗೆ ಇಟ್ಟಿಗೆ ಕಡುಗೆಂಪಾಯಿತು. ಮೊದಲ ವಾರ ಬಂದವರೆಲ್ಲ ಆ ಭಾಗವನ್ನೇ ಹೊಗಳಿದರು. ರಾತ್ರಿ ಟ್ಯೂಬ್‌ಲೈಟ್ ಹಾಕಿದರೆ ಮಾತ್ರ ಗೋಡೆಯ ಮೇಲೆ ಇನ್ನೊಂದು ಟ್ಯೂಬ್‌ಲೈಟ್ ಕಾಣುತ್ತಿತ್ತು. "ಇದು ಹಾಲೋ, ಹೋಟೆಲೋ?" ಅಂದಳು ಹೆಂಡತಿ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಮಾತೇ ಬೇಕಿರಲಿಲ್ಲ. ಕೆಳಗಿನ ನಾಲ್ಕು ವರಸೆಯಲ್ಲಿ ವಾರ್ನಿಷ್ ಒಳಗೆ ಬೆಳ್ಳಗೆ ಮೋಡ ಕವಿದಂತಾಯಿತು. ಉಗುರು ತಾಗಿಸಿದರೆ ಈರುಳ್ಳಿ ಸಿಪ್ಪೆಯಂತೆ ಸುಲಿದು ಬಂತು. ಸಿಪ್ಪೆಯ ಹಿಂದೆ ಬಿಳಿ ಪುಡಿ. ನಾಲಿಗೆಗೆ ತಾಗಿಸಿ ನೋಡಿದೆ (ನೀವು ಹಾಗೆ ಮಾಡಬೇಡಿ). ಉಪ್ಪು! ಇಟ್ಟಿಗೆಯಲ್ಲೂ ಸಿಮೆಂಟಿನಲ್ಲೂ ಇರುವ ಉಪ್ಪನ್ನು ಮಳೆ ನೀರು ಕರಗಿಸಿಕೊಂಡು ಒಳಗೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಬರೀ ಗೋಡೆಯಾಗಿದ್ದರೆ ಅದು ಮೇಲೆ ಬಂದು ಕೂರುತ್ತಿತ್ತು, ಗುಡಿಸಿದರೆ ಹೋಗುತ್ತಿತ್ತು. ವಾರ್ನಿಷ್ ಪೊರೆ ದಾರಿ ಕಟ್ಟಿದ್ದರಿಂದ ಪೊರೆಯನ್ನೇ ಎಬ್ಬಿಸಿತು. ಅದನ್ನು ಪೂರ್ತಿ ತೆಗೆಯಲು ನನ್ನ ನಾಲ್ಕು ಭಾನುವಾರ ಹೋದವು. ತಂತಿ ಬ್ರಷ್ ಜೋರಾಗಿ ಉಜ್ಜಿದ ಕಡೆ ಇಟ್ಟಿಗೆಯ ಮೈ ಈಗಲೂ ಗೀಚಿದ ಹಾಗಿದೆ.

ಉಪ್ಪಿನ ವಿಷಯದಲ್ಲಿ ಇನ್ನೊಂದು ತಪ್ಪು ಮಾಡಿದ್ದೆ. ಮೊದಲ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಗೋಡೆ ಚೊಕ್ಕವಾಗಿ ಕಂಡಿತು. ಮೂರನೇ ದಿನ ಬಿಳಿ ಮತ್ತೆ ಹಾಜರ್. ನೀರಿನಲ್ಲಿ ಕರಗಿ ಒಳಗೆ ಹೋದದ್ದು ಆರಿದ ಮೇಲೆ ವಾಪಸ್ ಬಂದಿತ್ತು, ಅಷ್ಟೇ. ಒಣ ಬ್ರಷ್ಷಲ್ಲಿ ಉಜ್ಜಿ, ಪುಡಿಯನ್ನು ಗುಡಿಸಿ ಹೊರಗೆ ಹಾಕಬೇಕು.

ಇನ್ನು ಸೀಲರ್. ನೋಡಲು ನೀರಿನ ಹಾಗೇ ಇರುತ್ತದೆ. ಡಬ್ಬದ ಮೇಲೆ ಸಿಲೇನ್, ಸಿಲಾಕ್ಸೇನ್ ಅಂತ ಬರೆದಿರುತ್ತದೆ. ಇದು ಮೇಲೆ ಪೊರೆ ಕಟ್ಟುವುದಿಲ್ಲ, ಇಟ್ಟಿಗೆಯೊಳಗೆ ಇಳಿಯುತ್ತದೆ. ನೀರನ್ನು ತಡೆಯುತ್ತದೆ, ಒಳಗಿನ ತೇವ ಆವಿಯಾಗಿ ಹೋಗಲು ಬಿಡುತ್ತದೆ. ಹಚ್ಚಿ ಮುಗಿಸಿದ ದಿನ ನನಗೆ ನಿರಾಸೆಯೇ ಆಯಿತು. ಇಷ್ಟು ದುಡ್ಡು ಕೊಟ್ಟು ಏನೂ ಬದಲಾಗಲಿಲ್ಲವಲ್ಲ! ಇಟ್ಟಿಗೆ ಕುಡಿದದ್ದೂ ಡಬ್ಬದಲ್ಲಿ ಬರೆದದ್ದಕ್ಕಿಂತ ಜಾಸ್ತಿ. ಮೂರರಲ್ಲಿ ಇದಕ್ಕೇ ಹೆಚ್ಚು ಖರ್ಚು.

ಫರಕು ಗೊತ್ತಾದದ್ದು ಒಂದು ಟೀ ಚಮಚದಿಂದ. ಬಾಗಿಲ ಪಕ್ಕದ ಬರೀ ಇಟ್ಟಿಗೆಗೆ ಒಂದು ಚಮಚ ನೀರು ಚಿಮುಕಿಸಿದೆ. ಕಪ್ಪು ಮಚ್ಚೆ ಮೂಡಿತು, ನಿಮಿಷದೊಳಗೆ ನೀರು ಒಳಗೆ. ಸೀಲರ್ ಹಚ್ಚಿದ ಕಡೆ ಅಷ್ಟೇ ನೀರು ಹಾಕಿದೆ. ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಾಗಿ, ಜಾರಿ, ನೆಲಕ್ಕೆ ಬಿತ್ತು. ಆಮೇಲೆ ಹೊರಗಡೆ ಪೂರ್ತಿ ಗೋಡೆಗೂ ಇದನ್ನೇ ಹಚ್ಚಿಸಿದೆ. ನಿಜ ಹೇಳಬೇಕೆಂದರೆ ಮೊದಲು ಮಾಡಬೇಕಿದ್ದ ಕೆಲಸವೇ ಅದು. ನೀರು ಬರುವುದು ಹೊರಗಿನಿಂದ ತಾನೇ? ಅದಾದ ಮೇಲೆ ಒಳಗೆ ಉಪ್ಪು ಬರುವುದು ಬಹುಪಾಲು ನಿಂತಿದೆ. ಒಂದೇ ಎಚ್ಚರಿಕೆ: ಗೋಡೆ ಚೆನ್ನಾಗಿ ಒಣಗಿರಬೇಕು. ನಾನು ಮಾರ್ಚ್‌ವರೆಗೆ ಕಾದೆ.

ಸುಣ್ಣದ ಭಾಗ ನನಗೆ ಅತಿ ಇಷ್ಟವಾದದ್ದು. ಅತಿ ರೇಜಿಗೆಯದ್ದೂ ಅದೇ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಒಲೆಯಿಲ್ಲದೆ ಕುದಿಯುತ್ತದೆ. ಮಕ್ಕಳನ್ನು ದೂರ ಇಡಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು, ಕಣ್ಣಿಗೆ ಹಾರಿದರೆ ಹುಡುಗಾಟವಲ್ಲ. ಅರಳಿದ ಸುಣ್ಣವನ್ನು ಎರಡು ದಿನ ಬಿಟ್ಟು, ಹಳೇ ಪಂಚೆಯಲ್ಲಿ ಸೋಸಿ, ನೀರು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಂಡೆ. ಸ್ವಲ್ಪ ಅಂಟು ಬೆರೆಸಿದೆ. ಗೋಡೆಯನ್ನು ನೆನೆಸಿ ಹಚ್ಚಿದರೆ ಮೊದಲು ಏನೂ ಕಾಣುವುದಿಲ್ಲ. ಆರುತ್ತಾ ಬಂದ ಹಾಗೆ ಬೆಳ್ಳಗಾಗುತ್ತದೆ. ಇದು ಗೊತ್ತಿಲ್ಲದೆ ನಾನು ಆತುರಕ್ಕೆ ಮೇಲಿಂದ ಮೇಲೆ ಮೂರು ಸಲ ಬಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಊರ ಗುಡಿಯ ಗೋಡೆ! ಒದ್ದೆ ಗೋಣಿಚೀಲದ ತುಂಡಿನಲ್ಲಿ ಅಲ್ಲಲ್ಲಿ ಒರೆಸಿದೆ. ಇಟ್ಟಿಗೆಯ ನೆತ್ತಿ ಕೆಂಪಗೆ ಇಣುಕಿತು, ಸಂದಿನಲ್ಲಿ ಬಿಳಿ ಉಳಿಯಿತು. ಬೇಕು ಅಂದಿದ್ದರೂ ಇಷ್ಟು ಚೆಂದ ಮಾಡಲು ಬರುತ್ತಿರಲಿಲ್ಲ.

ಸುಣ್ಣ ಬಂದ ಮೇಲೆ ಹಾಲ್‌ನ ಆ ಮೂಲೆಗೆ ಬೆಳಕು ಬಂತು. ಇಟ್ಟಿಗೆ ಬೆಳಕು ನುಂಗುತ್ತದೆ ಅನ್ನುವುದು ಆವರೆಗೆ ನಮಗೆ ಹೊಳೆದೇ ಇರಲಿಲ್ಲ. ಸಂಜೆ ಐದಕ್ಕೇ ಲೈಟ್ ಹಾಕುವುದು ಅಭ್ಯಾಸವಾಗಿಹೋಗಿತ್ತು. ಕೊರತೆಯೂ ಇದೆ. ಗೋಡೆಗೆ ಒರಗಿ ಕೂತರೆ ಅಂಗಿಯ ಬೆನ್ನು ಬಿಳಿ. ಅಂಟು ಹಾಕಿದ್ದರಿಂದ ಕಡಿಮೆಯಾಗಿದೆ, ನಿಂತಿಲ್ಲ. ಹಾಗಾಗಿ ಸೋಫಾ ಆ ಕಡೆ ಇಟ್ಟಿಲ್ಲ. ಇನ್ನೊಂದು ಮಾತು. ಸೀಲರ್ ಆದ ಮೇಲೆ ಸುಣ್ಣ ಹಿಡಿಯುವುದಿಲ್ಲ. ಸುಣ್ಣ ಆದ ಮೇಲೆ ಹಳೆಯ ಕೆಂಪು ಪೂರ್ತಿ ವಾಪಸ್ ಬರುವುದಿಲ್ಲ. ಮೊದಲು ಒಂದು ಮೊಳದಷ್ಟು ಜಾಗದಲ್ಲಿ ಹಚ್ಚಿ, ಒಂದು ಮಳೆಗಾಲ ನೋಡಿ.

ಇಟ್ಟಿಗೆ ಚಿತ್ರದ ವಾಲ್‌ಪೇಪರ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಬಾಡಿಗೆ ಮನೆಯಲ್ಲಿದ್ದಾಗ ಅಂಟಿಸಿದ್ದೆ. ದೂರದಿಂದ ಪರವಾಗಿಲ್ಲ, ಹತ್ತಿರ ಹೋದರೆ ಒಂದೇ ಒಡಕು ಇಟ್ಟಿಗೆ ಹನ್ನೆರಡು ಕಡೆ ಕಾಣುತ್ತಿತ್ತು. ಅದನ್ನು ಅಲ್ಲಿಗೇ ಬಿಡೋಣ.

ಬಲ್ಬಿನಲ್ಲೂ ಇದೇ ಥರ ಎರಡು ಹಾಕಿ ನೋಡಿದೆ. 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ ಅದು) ಬಿಳಿ ಎಲ್‌ಇಡಿಯಲ್ಲಿ ಕೆಂಪು ಇಟ್ಟಿಗೆ ಬೂದು ಮಿಶ್ರಿತ ಕಂದು, ಥೇಟ್ ಗೋದಾಮು. 2700ರ ಹಳದಿ ಬೆಳಕಿನಲ್ಲಿ ಅದೇ ಗೋಡೆ ಒಲೆ ಮುಂದಿನ ಅಡುಗೆಮನೆಯ ಹಾಗೆ ಬೆಚ್ಚಗೆ. ಇಲ್ಲಿ ಹೋಲಿಕೆಗೆ ಜಾಗವೇ ಇಲ್ಲ, ಹಳದಿ ಗೆದ್ದಿತು. ಲೈಟ್ ಎಲ್ಲಿರಬೇಕು ಅನ್ನುವುದರಲ್ಲಿ ಮಾತ್ರ ಜಗಳವಾಯಿತು. ಗೋಡೆಗೆ ಅರ್ಧ ಅಡಿ ದೂರದಲ್ಲಿ ಮೇಲಿನಿಂದ ಬಿಟ್ಟರೆ ಒಂದೊಂದು ಇಟ್ಟಿಗೆಯ ನೆರಳೂ ಎದ್ದು ಕಾಣುತ್ತದೆ, ಫೋಟೋಗೆ ಬಹಳ ಚೆಂದ. ಆದರೆ ಮೇಸ್ತ್ರಿ ಬಿಟ್ಟುಹೋದ ಸಿಮೆಂಟ್ ಗುಳ್ಳೆ, ಜೇಡರ ಬಲೆ, ಧೂಳು, ಎಲ್ಲವೂ ಎದ್ದು ಕಾಣುತ್ತದೆ! ಎರಡಡಿ ಆಚೆಗೆ ಸರಿಸಿದೆ. ಈಗ ವಾರಕ್ಕೊಮ್ಮೆ ಗುಡಿಸಿದರೆ ಸಾಕು.

ಗೋಡೆಗೆ ಏನು ನೇತುಹಾಕುವುದು? ಇಟ್ಟಿಗೆ ಗೋಡೆಯೇ ಒಂದು ಚೌಕುಳಿ ಸೀರೆ ಇದ್ದ ಹಾಗೆ, ಅದರ ಮೇಲೆ ಇನ್ನೊಂದು ಚೌಕುಳಿ ಹೊದಿಸಿದರೆ ಕಣ್ಣಿಗೆ ಗಲಾಟೆ. ನವಲಗುಂದದ ಜಮಖಾನೆಯನ್ನು ಆಸೆಪಟ್ಟು ತೂಗುಹಾಕಿದ್ದೆ. ಅದರ ಬಣ್ಣವೂ ಇಟ್ಟಿಗೆಯ ಸಾಲೂ ಒಂದಕ್ಕೊಂದು ಕೂಗಾಡಿದವು. ಕೆಳಗಿಳಿಸಿ ನೆಲಕ್ಕೆ ಹಾಸಿದ ಮೇಲೆ ಎರಡಕ್ಕೂ ಸಮಾಧಾನ. ಅದೇ ಜಾಗದಲ್ಲಿ ಈಗ ಚಳ್ಳಕೆರೆಯ ಕರಿ ಕಂಬಳಿ ಇದೆ. ಹಾಲ್‌ನಲ್ಲಿ ಮಾತಾಡಿದರೆ ಬರುತ್ತಿದ್ದ ಮಾರ್ದನಿಯೂ ಅದರಿಂದ ತಗ್ಗಿತು. ಬಿದರಿ ಹೂಜಿ ಕೆಂಪು ಇಟ್ಟಿಗೆಯ ಮುಂದೆ ಕತ್ತಲಲ್ಲಿ ಕಳೆದುಹೋಗಿತ್ತು, ಸುಣ್ಣದ ಗೋಡೆಯ ಮುಂದಿಟ್ಟರೆ ಬೆಳ್ಳಿಯ ಎಳೆ ಎಳೆ ಕಾಣುತ್ತದೆ. ಹಿತ್ತಾಳೆ ದೀಪದ ಕಂಬಕ್ಕೆ ಇದರ ತದ್ವಿರುದ್ಧ, ಅದಕ್ಕೆ ಕೆಂಪೇ ಬೇಕು.

ಮಲೆನಾಡಿನ ಹಸೆ ಚಿತ್ತಾರವನ್ನು ನೇರ ಗೋಡೆ ಮೇಲೇ ಬರೆಸುವ ಹುಚ್ಚೂ ಬಂದಿತ್ತು. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಇಟ್ಟಿಗೆಯೂ ಕೆಂಪೇ ಅಲ್ವಾ ಅನ್ನುವ ಲೆಕ್ಕಾಚಾರ. ಒಂದು ಮೂಲೆಯಲ್ಲಿ ಸೀಮೆಸುಣ್ಣದಲ್ಲಿ ಗೀಚಿ ನೋಡಿದೆ. ಪ್ರತಿ ಸಂದಿನಲ್ಲೂ ಗೆರೆ ಮುಗ್ಗರಿಸಿತು. ಕೊನೆಗೆ ಹಲಗೆಯ ಮೇಲೆ ಬರೆದದ್ದನ್ನು ತಂದು ಹಾಕಿದೆ.

ಅದನ್ನು ನೇತುಹಾಕುವಾಗ ಇನ್ನೊಂದು ಪಾಠ. ಎಲ್ಲರೂ ಹೇಳುವಂತೆ ಸಂದಿನಲ್ಲೇ ಡ್ರಿಲ್ ಮಾಡಿದ್ದೆ. ರಂಧ್ರ ಮುಚ್ಚುವುದು ಸುಲಭ, ನಿಜ. ಆದರೆ ನಮ್ಮ ಸಂದಿನ ಗಾರೆ ಪುಡಿಪುಡಿ. ಹಲಗೆಯ ಭಾರಕ್ಕೆ ಸ್ಕ್ರೂ, ಅದನ್ನು ಹಿಡಿಯುವ ಪ್ಲಗ್ ಸಮೇತ ಕಿತ್ತು ಬಂತು. ಎರಡನೇ ಸಲ ಇಟ್ಟಿಗೆಯ ನಟ್ಟನಡುವೆ, ಡ್ರಿಲ್‌ನ ಹ್ಯಾಮರ್ ಮೋಡ್ (ಗುದ್ದುತ್ತಾ ಕೊರೆಯುವುದು) ಆಫ್ ಮಾಡಿ, ನಿಧಾನವಾಗಿ ಕೊರೆದೆ. ಅದು ಅಲ್ಲಾಡಿಲ್ಲ. ಗಡಿಯಾರ, ಸಣ್ಣ ಫೋಟೋಗಳೆಲ್ಲ ಈಗಲೂ ಸಂದಿನಲ್ಲೇ ಇವೆ.

ವಾರ್ನಿಷ್ ಕಿತ್ತ ಎಡಭಾಗಕ್ಕೂ ಈಗ ಸೀಲರ್ರೇ. ಬಾಗಿಲ ಪಕ್ಕದ ಎರಡಡಿ ಇನ್ನೂ ಬರೀ ಇಟ್ಟಿಗೆಯಾಗೇ ಇದೆ. ಪ್ರತಿ ವರ್ಷ ಮಳೆ ನಿಂತ ಮೇಲೆ ಅಲ್ಲಿ ಒಂದು ಚಮಚ ನೀರು, ಪಕ್ಕದಲ್ಲಿ ಒಂದು ಚಮಚ ನೀರು ಹಾಕಿ ನೋಡುತ್ತೇನೆ. ಹೋದ ಸಲ ದೊಡ್ಡಮ್ಮ ಬಂದಾಗ ಸುಣ್ಣದ ಗೋಡೆಯನ್ನು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ ಕಣಪ್ಪಾ. ಮಿಕ್ಕಿದ್ದಕ್ಕೆ ಯಾವಾಗ?" ಅಂದರು.