ಗೆರೆಯಿಲ್ಲದ ಪ್ಲೇಟಿನಲ್ಲಿ ಗೆರೆಯ ಸದ್ದು: ‘ಡಿಸ್ಕೋ ಜಾಝ್’ ಕೇಳಲು ಯಾವ ಪ್ರತಿ ಒಳ್ಳೆಯದು?

ಮೊದಲೇ ಹೇಳಿಬಿಡುತ್ತೇನೆ. ರೂಪಾ ಬಿಸ್ವಾಸ್ ಅವರ ‘ಡಿಸ್ಕೋ ಜಾಝ್’ ಆಲ್ಬಂ ಕೊಳ್ಳುವ ಆಸೆ ಇದ್ದರೆ, 2019ರಲ್ಲಿ ಷಿಕಾಗೋದ ನ್ಯೂಮೆರೋ ಗ್ರೂಪ್ ಅನ್ನುವ ಕಂಪನಿ ಹೊರತಂದ ಅಧಿಕೃತ ಎಲ್‌ಪಿಯನ್ನೇ (ದೊಡ್ಡ ಗ್ರಾಮಫೋನ್ ಪ್ಲೇಟು) ಕೊಳ್ಳಿ. ನಾನು ಅದನ್ನು ಎರಡನೇ ಸಲಕ್ಕೆ ಕೊಂಡೆ. ಮೊದಲ ಸಲವೇ ಅದನ್ನು ತಗೊಂಡಿದ್ದರೆ ದುಡ್ಡೂ ಉಳಿಯುತ್ತಿತ್ತು, ಒಂದು ತಿಂಗಳ ತಲೆನೋವೂ ತಪ್ಪುತ್ತಿತ್ತು.

ಈ ಆಲ್ಬಂ ಹೆಸರೇ ಕೇಳಿಲ್ಲ ಅನ್ನುವವರು ಜಾಸ್ತಿ. ಅವರಿಗಾಗಿ ನಾಲ್ಕು ಮಾತು. ರೂಪಾ ಕೋಲ್ಕತ್ತದ ಗಾಯಕಿ. 1981ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿದ್ದ ಸಹೋದರನ ಮನೆಗೆ ಹೋಗಿದ್ದರು. ಅಲ್ಲೇ ಈ ಹಾಡುಗಳ ಧ್ವನಿಮುದ್ರಣ ಆಯಿತು. ಸರೋದ್ ನುಡಿಸಿದವರು ಉಸ್ತಾದ್ ಆಶಿಷ್ ಖಾನ್. ತಬಲಾ ಅವರ ತಮ್ಮ ಪ್ರಾಣೇಶ್ ಖಾನ್ ಅವರದು. ಗಿಟಾರ್ ಡಾನ್ ಪೋಪ್ ಅವರದು. 1982ರಲ್ಲಿ ಮೆಗಾಫೋನ್ ಕಂಪನಿ ಎಲ್‌ಪಿ ಹೊರತಂದಿತು. ಜನ ಕೊಳ್ಳಲಿಲ್ಲ. ಆಲ್ಬಂ ಸದ್ದಿಲ್ಲದೆ ಮರೆಯಾಯಿತು.

ಡಿಸ್ಕೋ ಅಂದರೆ ಜನ ಮೂಗು ಮುರಿಯುತ್ತಿದ್ದ ಕಾಲವೂ ಅದಲ್ಲ. 1980ರಲ್ಲಿ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’ ಹಾಡಿ ನಾಜಿಯಾ ಹಸನ್ ಮನೆಮಾತಾಗಿದ್ದರು. ಮರುವರ್ಷ ಬಂದ ಅವರ ‘ಡಿಸ್ಕೋ ದೀವಾನೆ’ ಮದುವೆ ಮನೆಗಳಲ್ಲೂ ಕುಣಿಸಿತು. ಅದೇ ಹೊತ್ತಿನಲ್ಲಿ ಬಂದ ರೂಪಾ ಅವರ ನಾಲ್ಕು ಹಾಡಿಗೆ ಮಾತ್ರ ಕೇಳುವವರು ಸಿಗಲಿಲ್ಲ. ನನಗೆ ಇದು ಈಗಲೂ ಬೇಜಾರಿನ ವಿಷಯ.

ನಾಲ್ಕೇ ಹಾಡು. ಅದರಲ್ಲಿ ಒಂದು ಹದಿನೈದು ನಿಮಿಷಕ್ಕೂ ಜಾಸ್ತಿ ಇದೆ. ಕುಣಿತದ ತಾಳದ ಮೇಲೆ ಸರೋದ್ ಓಡುತ್ತದೆ, ಪಕ್ಕದಲ್ಲಿ ಎಲೆಕ್ಟ್ರಿಕ್ ಗಿಟಾರ್ ಅದಕ್ಕೆ ಉತ್ತರ ಕೊಡುತ್ತದೆ. ಆಶಿಷ್ ಖಾನ್ ಅವರ ತಂದೆ ಅಲಿ ಅಕ್ಬರ್ ಖಾನ್. ನಮ್ಮ ರಾಜೀವ ತಾರಾನಾಥರು ಸರೋದ್ ಕಲಿತದ್ದು ಅದೇ ಅಲಿ ಅಕ್ಬರ್ ಖಾನ್ ಅವರ ಹತ್ತಿರ. ರಾಜೀವ ತಾರಾನಾಥರ ಕಛೇರಿ ಕೇಳಿ ಬೆಳೆದ ಕಿವಿಗೆ ಈ ಆಲ್ಬಂನ ಸರೋದ್ ಪರಕೀಯ ಅನ್ನಿಸುವುದಿಲ್ಲ. ಮೊದಲ ಸಲ ಕೇಳಿದಾಗ ನಾನು ಹಿಡಿದುಕೊಂಡದ್ದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಆ ಮೀಂಡನ್ನು. ಡಿಸ್ಕೋ ಆಮೇಲೆ ಕಿವಿಗೆ ಬಿತ್ತು.

ಆ ಮೊದಲ ಸಲ ಕೇಳಿದ್ದು ಯೂಟ್ಯೂಬಿನಲ್ಲಿ. ಯಾರೋ ತಮ್ಮ ಹಳೆಯ ಪ್ಲೇಟಿನಿಂದ ಏರಿಸಿದ್ದರು. ರಾತ್ರಿ ಊಟ ಆದ ಮೇಲೆ ಸುಮ್ನೆ ಮೊಬೈಲ್ ನೋಡುತ್ತಾ ಕೂತಿದ್ದೆ. ‘ಆಜ್ ಶನಿಬಾರ್’ ಅನ್ನುವ ಹಾಡು ಎದುರು ಬಂತು. ಇವತ್ತು ಶನಿವಾರ ಅಂತ ಅರ್ಥ. ಅವತ್ತು ಶನಿವಾರವೇ ಆಗಿತ್ತು. ಒತ್ತಿದೆ. ಆ ರಾತ್ರಿ ಅದನ್ನೇ ನಾಲ್ಕು ಸಲ ಕೇಳಿದೆ. ಆವತ್ತಿನಿಂದ ಪ್ಲೇಟು ಬೇಕೇ ಬೇಕು ಅನ್ನುವ ಹಟ ಹಿಡಿಯಿತು.

ಮೂಲ ಪ್ರತಿಯ ಮಾತು ಬೇಗ ಮುಗಿಸುತ್ತೇನೆ. 1982ರ ಪ್ಲೇಟುಗಳನ್ನು ಸಂಗ್ರಹಕಾರರು ನೂರಾರು ಡಾಲರ್ ಕೊಟ್ಟು ಕೊಂಡಿದ್ದಾರೆ. ನನ್ನ ಸಂಬಳಕ್ಕೆ ಅದು ಆಗುವ ಮಾತಲ್ಲ. ಪರಿಚಯದ ಹಿರಿಯರೊಬ್ಬರ ಹತ್ತಿರ ಒಂದು ಪ್ರತಿ ಇದೆ. ಅವರ ಮನೆಯಲ್ಲಿ ಒಂದು ಬದಿ ಕೇಳಿದೆ. “ಅಂಚು ಮಾತ್ರ ಹಿಡ್ಕೊಳಪ್ಪಾ, ಮಧ್ಯ ಮುಟ್ಟಬೇಡ” ಅಂತ ಹೇಳಿ ಕೈಗೆ ಕೊಟ್ಟರು. ಎಷ್ಟೋ ಸೂಜಿ ಓಡಿದ ಪ್ಲೇಟು ಅದು. ಚರಚರ ಸದ್ದು ಇತ್ತು. ಆದರೂ ಆ ಕವರನ್ನು ಕೈಯಲ್ಲಿ ಹಿಡಿದು ಕೂತ ಸುಖವೇ ಬೇರೆ. ಕೇಳುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೆ ಅನ್ನುವವರು ಅದರ ಹಿಂದೆ ಹೋಗಬಹುದು.

ಇನ್ನು ನಾನು ಎಡವಿದ ಕಥೆ. ಆನ್‌ಲೈನಿನಲ್ಲಿ ಹುಡುಕುವಾಗ ‘ಹೊಸ ಮುದ್ರಣ’ ಅಂತ ಒಂದು ಎಲ್‌ಪಿ ಕಂಡಿತು. ಅಧಿಕೃತ ಪ್ರತಿಗಿಂತ ಸಾವಿರ ರೂಪಾಯಿ ಕಡಿಮೆ. ಅದೇ ಚಿತ್ರ, ಅದೇ ಹಾಡುಗಳು. ಮಾರುವವರ ಹೆಸರು ಇತ್ತು, ಮುದ್ರಿಸಿದವರ ಹೆಸರು ಎಲ್ಲೂ ಇರಲಿಲ್ಲ. ಅದನ್ನು ಗಮನಿಸಬೇಕಿತ್ತು. ಗಮನಿಸಲಿಲ್ಲ.

ಪಾರ್ಸೆಲ್ ಬಂದ ದಿನ ಖುಷಿಯೋ ಖುಷಿ. ಪ್ಲೇಟು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಲೈಟ್ ಆರಿಸಿ, ಆ ಉದ್ದದ ಹಾಡು ಹಾಕಿ ಕೂತೆ. ನಡುವೆ ಒಂದು ಕಡೆ ಸರೋದ್ ಮುಂದೆ ಬರುತ್ತದೆ. ಅಲ್ಲಿ ‘ಟಕ್’ ಅಂದಿತು. ಸ್ವಲ್ಪ ಬಿಟ್ಟು ಮತ್ತೆ ‘ಟಕ್’. ಎಣಿಸಿದೆ. ಏಳು ಸಲ. ಆಮೇಲೆ ಮಾಯ.

ಧೂಳು ಅಂದುಕೊಂಡೆ. ಬ್ರಷ್ ಹಾಕಿ ಒರೆಸಿದೆ. ಮತ್ತೆ ಏಳು. ಡಿಸ್ಟಿಲ್ಡ್ ವಾಟರ್ ತಂದು, ಮೆತ್ತನೆ ಬಟ್ಟೆಯಲ್ಲಿ ಸೂಜಿ ಓಡುವ ಗೀರುಗಳ ದಿಕ್ಕಿಗೇ ಒರೆಸಿ, ರಾತ್ರಿಯಿಡೀ ಒಣಗಿಸಿದೆ. ಮತ್ತೆ ಏಳು. ಸೂಜಿ ಸವೆದಿರಬಹುದು ಅನ್ನಿಸಿತು. ಭೂತಗನ್ನಡಿ ಹಿಡಿದು ನೋಡಿದೆ. ಸೂಜಿ ಸರಿಯಾಗೇ ಇತ್ತು. ಸೂಜಿ ಕೂತಿರುವ ನನ್ನ ಕಾರ್ಟ್ರಿಜ್‌ಗೆ 2 ಗ್ರಾಂ ಭಾರ ಬೇಕು. ಪುಟ್ಟ ತಕ್ಕಡಿಯಲ್ಲಿ ಅಳೆದೆ. ಅದೂ ಸರಿ. ಬೇರೆ ಪ್ಲೇಟು ಹಾಕಿದರೆ ಒಂದೂ ಟಕ್ ಇಲ್ಲ.

ಆಮೇಲೆ ಫೋನಿನಲ್ಲಿ ಸಮಯ ಹಿಡಿದೆ. ಎಲ್‌ಪಿ ಒಂದು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಪ್ಲೇಟಿನ ಮೇಲೆ ಅಡ್ಡಗೆರೆ ಬಿದ್ದಿದ್ದರೆ, ಸುತ್ತಿಗೊಮ್ಮೆ ಸೂಜಿ ಅದನ್ನು ಹಾಯುತ್ತದೆ. ಪ್ರತಿ 1.8 ಸೆಕೆಂಡಿಗೊಂದು ಟಕ್ ಕೇಳಬೇಕು. ನನ್ನ ಪ್ಲೇಟಿನಲ್ಲಿ ಮೊದಲ ಟಕ್‌ನಿಂದ ಏಳನೆಯದಕ್ಕೆ ಹತ್ತಿರ ಹತ್ತಿರ 11 ಸೆಕೆಂಡ್. ಸರಿಯಾಗಿ ಆರು ಸುತ್ತು. ಹಾಗಾದರೆ ಇದು ಗೆರೆಯೇ. ಆದರೆ ಟಾರ್ಚ್ ಓರೆಯಾಗಿ ಹಿಡಿದು ಎಷ್ಟು ನೋಡಿದರೂ ಗೆರೆ ಇಲ್ಲ. ಉಗುರಿನ ತುದಿಗೂ ಏನೂ ತಾಗಲಿಲ್ಲ.

ಪ್ಲೇಟು ತಗೊಂಡು ಆ ಹಿರಿಯರ ಮನೆಗೇ ಹೋದೆ. ಅವರ ಮಷಿನ್‌ನಲ್ಲೂ ಅದೇ ಏಳು ಟಕ್. ಅವರು ಪ್ಲೇಟನ್ನು ಕಿಟಕಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಗೆರೆ ಇಲ್ಲ, ಗೆರೆ ಸದ್ದಿದೆ. ಇದು ನಿನ್ನ ಪ್ಲೇಟಿಂದಲ್ಲಪ್ಪಾ, ಬೇರೆ ಯಾವ್ದೋ ಪ್ಲೇಟಿಂದು” ಅಂದರು. ನನಗೆ ತಕ್ಷಣ ಅರ್ಥ ಆಗಲಿಲ್ಲ. “ಸವೆದ ಪ್ಲೇಟನ್ನ ರೆಕಾರ್ಡ್ ಮಾಡ್ಕೊಂಡು, ಅದ್ರಿಂದ ಹೊಸದು ಒತ್ತಿದಾರೆ. ನೀನು ತೊಳೆದಿದ್ದೆಲ್ಲ ವ್ಯರ್ಥ” ಅಂತ ಬಿಡಿಸಿ ಹೇಳಿದರು.

ಮನೆಗೆ ಬಂದವನೇ ಇಯರ್‌ಫೋನ್ ಹಾಕಿ ಯೂಟ್ಯೂಬಿನಲ್ಲಿ ಆ ಹಳೆಯ ಪ್ಲೇಟಿನಿಂದ ಏರಿಸಿದ್ದ ಅದೇ ಉದ್ದದ ಹಾಡು ತೆಗೆದೆ. ಅದೇ ಸರೋದ್ ಬರುವ ಜಾಗ. ಟಕ್. ಟಕ್. ಏಳು. ಮೊಬೈಲ್ ಸ್ಪೀಕರಿನಲ್ಲಿ ಇಷ್ಟು ದಿನ ಅದು ನನ್ನ ಕಿವಿಗೇ ಬಿದ್ದಿರಲಿಲ್ಲ. ಅಂದರೆ ನಾನು ದುಡ್ಡು ಕೊಟ್ಟು ತರಿಸಿದ್ದು, ಬಿಟ್ಟಿಯಾಗಿ ಕೇಳುತ್ತಿದ್ದ ಅದೇ ಪ್ರತಿಯನ್ನ. ಯಾರ ಮನೆಯಲ್ಲೋ, ಯಾವ ಕಾಲದಲ್ಲೋ ಬಿದ್ದ ಒಂದು ಗೆರೆ ನನ್ನ ಹೊಸ ಪ್ಲೇಟಿನೊಳಗೆ ಅಚ್ಚಾಗಿ ಕೂತಿತ್ತು. ಅದನ್ನು ತೊಳೆದು ತೆಗೆಯಲು ಯಾವ ನೀರೂ ಇಲ್ಲ.

ಆ ಪ್ರತಿಯ ಇನ್ನೊಂದು ತಪ್ಪು: ನಡುವಿನ ತೂತು ಕೂದಲೆಳೆಯಷ್ಟು ಓರೆ. ಉದ್ದ ಎಳೆದ ಸ್ವರ ಸುತ್ತಿಗೊಮ್ಮೆ ತೂಗುತ್ತದೆ. ಬರೀ ಡ್ರಮ್ ಇದ್ದ ಕಡೆ ಗೊತ್ತಾಗುವುದಿಲ್ಲ. ಮೀಂಡ್ ಬಂದರೆ ಸಹಿಸಲು ಆಗುವುದಿಲ್ಲ.

ಟಕ್ ಸದ್ದಿಗಿಂತ ಜಾಸ್ತಿ ನೋವಾದದ್ದು ಬೇರೆ ವಿಷಯಕ್ಕೆ. ತಮ್ಮ ಆಲ್ಬಂ ಹುಡುಕಿಕೊಂಡು ಹೋಗುವ ಜನ ಇದ್ದಾರೆ ಅಂತ ರೂಪಾ ಅವರಿಗೆ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ, ಅದೂ ಮಗನ ಮೂಲಕ. ಅಧಿಕೃತ ಮರುಮುದ್ರಣ ಬರಲು 37 ವರ್ಷ ಹಿಡಿಯಿತು. ಅಷ್ಟು ಕಾದ ಗಾಯಕಿಯ ಹಾಡನ್ನು ಅವರಿಗೆ ಕಾಸೂ ಸೇರದ ಪ್ರತಿಯಲ್ಲಿ ಕೇಳುತ್ತಾ ಕೂತಿದ್ದೆ ಅನ್ನುವುದು ನನಗೆ ಸರಿ ಬರಲಿಲ್ಲ.

ಹಾಗಾಗಿ ಮುಂದಿನ ಎರಡು ತಿಂಗಳು ಬೇರೆ ಪ್ಲೇಟು ಕೊಳ್ಳದೆ ಉಳಿಸಿ ಅಧಿಕೃತ ಎಲ್‌ಪಿ ತರಿಸಿದೆ. ಹೊರದೇಶದ ಮಾಲು ಆದ್ದರಿಂದ ಬರಲು ತಡವಾಯಿತು, ಸಾಗಣೆ ಖರ್ಚೂ ಬಿತ್ತು. ಬಂದ ದಿನ ಮೊದಲು ಹಾಕಿದ್ದು ಅದೇ ಹಾಡು, ಅದೇ ಜಾಗ. ಉಸಿರು ಬಿಗಿಹಿಡಿದು ಕೂತೆ. ಸರೋದ್ ಬಂತು. ಹೋಯಿತು. ಟಕ್ ಇಲ್ಲ! ಸೂಜಿ ಎತ್ತಿ ಹಿಂದೆ ಇಟ್ಟು ಮತ್ತೆ ಕೇಳಿದೆ. ಇಲ್ಲವೇ ಇಲ್ಲ.

ಬೇರೆ ವ್ಯತ್ಯಾಸವೂ ಇದೆ. ಕಳ್ಳ ಪ್ರತಿಯಲ್ಲಿ ತಬಲಾದ ಎಡಗೈ ಬೇಸ್ ಗಿಟಾರಿನೊಳಗೆ ಮುಳುಗಿ ಹೋಗುತ್ತಿತ್ತು. ಇಲ್ಲಿ ಎರಡೂ ಬೇರೆ ಬೇರೆ ನಿಲ್ಲುತ್ತವೆ. ಪ್ರಾಣೇಶ್ ಖಾನ್ ಎಡಗೈಯ ಬಾಯಾ ಮೇಲೆ ಅಂಗೈ ಒತ್ತಿ ಗುಂಯ್ ಅನ್ನಿಸುವುದು ಕೇಳುತ್ತದೆ. ರೂಪಾ ಅವರ ದನಿ ಕೂಡ ಹತ್ತಿರ ಬಂದಿದೆ. ರಾಗದಲ್ಲಿ ಪಳಗಿದ ದನಿ ಅದು. ಕುಣಿತದ ಹಾಡಿನಲ್ಲೂ ಸ್ವರವನ್ನು ಅವಸರ ಮಾಡುವುದಿಲ್ಲ. ಸುತ್ತಲೂ ತಾಳ ಓಡುತ್ತಿರುತ್ತದೆ, ಅವರು ನಿಧಾನವಾಗಿ ಸ್ವರಕ್ಕೆ ಬಂದು ಕೂರುತ್ತಾರೆ. ನನಗೆ ಈ ಆಲ್ಬಂ ಅಂದರೆ ಇದೇ. ಸವೆದ ಪ್ರತಿಯಲ್ಲಿ ಇದು ಅರ್ಧಂಬರ್ಧ ಕೇಳುತ್ತಿತ್ತು.

ಸ್ಟ್ರೀಮಿಂಗ್ ಬಗ್ಗೆ ನನಗೆ ದೂರೇನೂ ಇಲ್ಲ. ಬಸ್ಸಿನಲ್ಲಿ ನಾನೂ ಅದರಲ್ಲೇ ಕೇಳುತ್ತೇನೆ. ಸದ್ದು ಶುದ್ಧವಾಗಿದೆ. ದುಡ್ಡು ಕೊಡದೆ ಕೇಳಿದರೆ ಜಾಹೀರಾತು ಬರುತ್ತದೆ, ಮತ್ತೆ ಕೊನೆಯ ಹಾಡು ಮುಗಿದ ಉಸಿರಿನಲ್ಲೇ ಇನ್ಯಾರದೋ ಹಾಡು ಶುರುವಾಗುತ್ತದೆ. ಆಟೋಪ್ಲೇ ಆಫ್ ಮಾಡಿಟ್ಟುಕೊಳ್ಳಿ, ಅಷ್ಟೇ.

ನಿಮ್ಮ ಮನೆಯಲ್ಲಿ ಟರ್ನ್‌ಟೇಬಲ್ ಇಲ್ಲದಿದ್ದರೆ ಈ ಒಂದು ಆಲ್ಬಂಗಾಗಿ ಕೊಳ್ಳಬೇಡಿ. ಚಿಕ್ಕ ಡಬ್ಬಿಯ ಅಗ್ಗದ ಮಷಿನ್ ತಂದರೆ ಪ್ಲೇಟೂ ಹಾಳಾಗಬಹುದು. ಆ ದುಡ್ಡಿಗೆ ಒಳ್ಳೆಯ ಹೆಡ್‌ಫೋನ್ ತಗೊಂಡು ಅಧಿಕೃತ ಡಿಜಿಟಲ್ ಪ್ರತಿ ಕೇಳುವುದು ಎಷ್ಟೋ ವಾಸಿ. ನನ್ನ ಹಾಗೆ ವಾರಕ್ಕೊಮ್ಮೆ, ಕೆಲಸ ಎಲ್ಲ ಮುಗಿಸಿ, ಬೇರೇನೂ ಮಾಡದೆ ಕೂತು ಕೇಳುವ ಅಭ್ಯಾಸ ಇದ್ದವರಿಗೆ ಎಲ್‌ಪಿಗೆ ಕೊಟ್ಟ ಪ್ರತಿ ರೂಪಾಯಿಯೂ ಸಾರ್ಥಕ. ಒಂದು ಬದಿ ಮುಗಿದಾಗ ಎದ್ದು ಮಗುಚುವ ಆ ಅರ್ಧ ನಿಮಿಷದ ಮೌನವೂ ನನಗೆ ಬೇಕು. ಮನೆಯವರೂ ಈಗ ಆ ಹೊತ್ತಿಗೆ ಟಿವಿ ಆರಿಸಿ ಬಂದು ಕೂರುತ್ತಾರೆ.

ಕೊಳ್ಳುವ ಮುಂಚೆ ಒಂದೇ ಒಂದು ನೋಡಿ: ಕವರಿನ ಹಿಂದೆ ಮುದ್ರಿಸಿದ ಕಂಪನಿಯ ಹೆಸರು ಇದೆಯೋ ಇಲ್ಲವೋ. ಇಲ್ಲದಿದ್ದರೆ ಎಷ್ಟೇ ಅಗ್ಗ ಇದ್ದರೂ ಬಿಡಿ.

ನನ್ನ ಕಳ್ಳ ಪ್ರತಿಯನ್ನು ಮಾರುತ್ತೀರಾ ಅಂತ ಇಬ್ಬರು ಕೇಳಿದರು. ಕೊಡಲಿಲ್ಲ. ಕೊಟ್ಟರೆ ಅವರೂ ಡಿಸ್ಟಿಲ್ಡ್ ವಾಟರ್ ಹಿಡಿದು ಕೂರಬೇಕಾಗುತ್ತದೆ ಅಲ್ವಾ. ಕವರಿನ ಮೇಲೆ ‘ಏಳು ಟಕ್, ತೊಳೆದರೆ ಹೋಗುವುದಿಲ್ಲ’ ಅಂತ ಬರೆದು ಕಪಾಟಿನ ತುದಿಗೆ ಇಟ್ಟಿದ್ದೇನೆ.