ನೀರು ನೆತ್ತಿಗೇರದಂತೆ: ಸ್ಟಾರ್ಚ್ ಪುಡಿಯಾ, ಗಮ್ ಪುಡಿಯಾ?

ನನಗೆ ಎಂಎಸ್ ಇದೆ, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ, ಮೆದುಳು-ಬೆನ್ನುಹುರಿಯ ನರಗಳಿಗೆ ಹಾನಿ ಮಾಡುವ ಕಾಯಿಲೆ. ಊಟಕ್ಕಿಂತ ಬರಿಯ ನೀರು ಕುಡಿಯುವುದೇ ಜಾಸ್ತಿ ಕಷ್ಟ. ಮೆದುಳಿನಿಂದ ಗಂಟಲಿಗೆ ಸೂಚನೆ ತಡವಾಗಿ ಬರುತ್ತದೆ, ಅಷ್ಟರಲ್ಲಿ ನೀರು ಜಾರಿ ಶ್ವಾಸನಾಳದ ಕಡೆ ಹೋಗಿರುತ್ತದೆ. ನೆತ್ತಿಗೇರಿ ಕೆಮ್ಮು ಬಂದರೆ ಗೊತ್ತಾದರೂ ಆಗುತ್ತದೆ. ಕೆಲವರಿಗೆ ಕೆಮ್ಮೇ ಬರುವುದಿಲ್ಲ. ಸುಮ್ನೆ ಒಳಗಿಳಿದ ನೀರಿನಿಂದ ನ್ಯುಮೋನಿಯಾ ಆಗಬಹುದು. ಪುಡಿ ಬೆರೆಸಿ ನೀರನ್ನು ಮಂದ ಮಾಡಿದರೆ ಅದು ನಿಧಾನವಾಗಿ ಇಳಿಯುತ್ತದೆ, ನುಂಗಲು ಸಮಯ ಸಿಗುತ್ತದೆ. ಆದರೆ ಎಕ್ಸ್-ರೇ ಇಟ್ಟು ನುಂಗುವುದನ್ನು ಪರೀಕ್ಷಿಸಿ, ಎಷ್ಟು ಮಂದ ಬೇಕೆಂದು ಸ್ಪೀಚ್ ಥೆರಪಿಸ್ಟ್ ಹೇಳಿದ ಮೇಲೆಯೇ ಪುಡಿ ಶುರು ಮಾಡಿದೆ. ಎರಡು ಬಗೆಯದನ್ನೂ ಬಳಸಿ ನೋಡಿದ್ದೇನೆ.

ಸ್ಟಾರ್ಚ್ ಪುಡಿ ಹಾಕಿದ ನೀರು ಮಬ್ಬಾಗುತ್ತದೆ, ಹಿಟ್ಟಿನ ರುಚಿ ಬರುತ್ತದೆ. ಅದನ್ನಾದರೂ ಸಹಿಸಬಹುದು. ದೊಡ್ಡ ತೊಂದರೆ ಬೇರೆ. ಕಲಸಿ ಇಟ್ಟರೆ ಹೊತ್ತು ಹೋದಂತೆ ಇನ್ನೂ ಗಟ್ಟಿಯಾಗುತ್ತದೆ. ಬಾಯಿಗೆ ಹೋದರೆ ಉಲ್ಟಾ: ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಸ್ಟಾರ್ಚನ್ನು ಒಡೆದು ತೆಳ್ಳಗೆ ಮಾಡುತ್ತದೆ. ನನ್ನ ಹಾಗೆ ಗುಟುಕು ಗುಟುಕಾಗಿ ಕುಡಿಯುವವರಿಗೆ ಇದು ದೊಡ್ಡ ವಿಷಯ ಅಲ್ವಾ? ಲೋಟದಲ್ಲಿ ಉಳಿದಿದ್ದಕ್ಕೂ ಜೊಲ್ಲು ಸೇರಿರುತ್ತದೆ.

ಇನ್ನೊಂದು ಮಾತನ್ನು ಎಂಎಸ್ ಇರುವವರು ಮರೆಯಲೇಬಾರದು. ನಮ್ಮಲ್ಲಿ ಅನೇಕರಿಗೆ ಮಲಬದ್ಧತೆ ಇರುತ್ತದೆ, ಅದಕ್ಕೆ ಮ್ಯಾಕ್ರೊಗೋಲ್ ಪುಡಿ ಕೊಡುತ್ತಾರೆ. ಸ್ಟಾರ್ಚ್‌ನಿಂದ ಮಂದ ಮಾಡಿದ ದ್ರವಕ್ಕೆ ಅದನ್ನು ಸೇರಿಸಿದರೆ ಎಲ್ಲವೂ ನೀರಿನಷ್ಟೇ ತೆಳ್ಳಗಾಗಿಬಿಡುತ್ತದೆ. ಇದು ಅಪಾಯ. ಮ್ಯಾಕ್ರೊಗೋಲ್ ತೆಗೆದುಕೊಳ್ಳುವವರು ಯಾವ ಪುಡಿ ಬಳಸಬೇಕೆಂದು ಫಾರ್ಮಸಿಸ್ಟ್ ಹತ್ತಿರ ಕೇಳಲೇಬೇಕು.

ಕ್ಸಾಂಥನ್ ಗಮ್ ಪುಡಿ ಇಷ್ಟು ಕಾಡಲಿಲ್ಲ. ನೀರು ತಿಳಿಯಾಗಿಯೇ ಇರುತ್ತದೆ, ಜೊಲ್ಲಿಗೆ ಒಡೆಯುವುದಿಲ್ಲ, ಒಮ್ಮೆ ಮಂದವಾದರೆ ಹಾಗೇ ನಿಲ್ಲುತ್ತದೆ. ಆದರೆ ಜೋರಾಗಿ ಕದಡದಿದ್ದರೆ ಗಂಟು ಕಟ್ಟುತ್ತದೆ, ಸ್ವಲ್ಪ ಲೋಳೆ ಅನಿಸುತ್ತದೆ. ಹಾಲಿನಲ್ಲಿ ಮಂದವಾಗಲು ಹೆಚ್ಚು ಹೊತ್ತು ಬೇಕು. ಆಗ ಇನ್ನಷ್ಟು ಪುಡಿ ಸುರಿಯದೆ ಕಾಯಬೇಕು.

ಯಾವ ಪುಡಿಯಾದರೂ ಕಣ್ಣಂದಾಜು ಸಾಲದು. ಐಡಿಡಿಎಸ್ಐ ಎಂಬ ಅಂತರರಾಷ್ಟ್ರೀಯ ಕ್ರಮದಲ್ಲಿ ಕುಡಿಯುವ ದ್ರವಕ್ಕೆ 0ರಿಂದ (ನೀರಿನಷ್ಟು ತೆಳು) 4ರವರೆಗೆ (ತುಂಬಾ ಮಂದ) ಹಂತಗಳಿವೆ. ನನಗೆ ಹೇಳಿರುವುದು 2. ಅದಕ್ಕೆಂದೇ ನಿಗದಿಯಾದ ಅಳತೆಯ 10 ಮಿಲಿ ಸಿರಿಂಜ್‌ಗೆ ಸೂಜಿ ಇಲ್ಲದೆ ದ್ರವ ತುಂಬಿ, ತುದಿಯಿಂದ ಬೆರಳು ತೆಗೆದು, 10 ಸೆಕೆಂಡ್ ಬಿಡಬೇಕು. 4ರಿಂದ 8 ಮಿಲಿ ಉಳಿದರೆ ಅದು ಹಂತ 2. ಗಮ್ ಪುಡಿಯಲ್ಲಿ ಈ ಪರೀಕ್ಷೆ ಬೆಳಿಗ್ಗೆ, ಸಂಜೆ ಒಂದೇ ರೀತಿ ಬಂತು. ನಾನು ಅದನ್ನೇ ಉಳಿಸಿಕೊಂಡಿದ್ದು ಮುಖ್ಯವಾಗಿ ಇದಕ್ಕೇ.

ಗದ್ದವನ್ನು ಎದೆಯ ಕಡೆ ಬಾಗಿಸಿ ನುಂಗುವ ಉಪಾಯವೂ ಇದೆ. ಕೆಲವರಿಗೆ ಅಷ್ಟೇ ಸಾಕಾಗುತ್ತದೆ, ನನಗೆ ದಣಿವಾದ ಹೊತ್ತಿನಲ್ಲಿ ಸಾಕಾಗಲಿಲ್ಲ.

ಮಂದ ನೀರಿಗೆ ಬಾಯಾರಿಕೆ ಸರಿಯಾಗಿ ತೀರುವುದಿಲ್ಲ, ಹೊಟ್ಟೆ ಮಾತ್ರ ಬೇಗ ತುಂಬುತ್ತದೆ. ಎಂಎಸ್‌ನಲ್ಲಿ ಮೂತ್ರದ ಅವಸರ ಇರುವವರು ಮೊದಲೇ ಕಡಿಮೆ ಕುಡಿಯುತ್ತಾರೆ. ಎರಡೂ ಸೇರಿದರೆ ದೇಹ ಒಣಗಿ ಮಲಬದ್ಧತೆ, ಮೂತ್ರದ ಸೋಂಕು ಬರಬಹುದು. ಹಾಗಾಗಿ ದಿನದ ನೀರನ್ನು ಬೆಳಿಗ್ಗೆಯೇ ಅಳೆದಿಟ್ಟು, ಸಂಜೆ ಎಷ್ಟು ಉಳಿದಿದೆ ಎಂದು ನೋಡುತ್ತೇನೆ. ದಣಿವು ಏರುವ ಮೊದಲೇ ದೊಡ್ಡ ಊಟ ಮುಗಿಸಿ, ಆಮೇಲೆ ಬೆಣ್ಣೆ, ಹಾಲಿನ ಪುಡಿ ಬೆರೆಸಿದ ಮೆತ್ತನೆಯ ಆಹಾರವನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತೇನೆ. ಇಷ್ಟಾದರೂ ತೂಕ ಇಳಿಯುತ್ತಲೇ ಇದ್ದರೆ ಪುಡಿ ಬದಲಿಸುತ್ತಾ ಕೂರಬಾರದು. ಡಾಕ್ಟರ್ ಮತ್ತು ಡಯಟಿಷಿಯನ್ ಹತ್ತಿರ ಹೋಗಿ, ಹೊಟ್ಟೆಗೆ ನೇರ ಆಹಾರ ಕೊಡುವ ಟ್ಯೂಬ್ ಬೇಕಾ ಎಂದು ಬೇಗ ಕೇಳಬೇಕು. ಟ್ಯೂಬ್ ಹಾಕಿದ ಮೇಲೂ ಬಾಯಿಂದ ಒಂದಿಷ್ಟು ತಿನ್ನಲು ಅನೇಕರಿಗೆ ಸಾಧ್ಯವಿದೆ.