ಡಯಾಟಮ್ ಮಣ್ಣಿನ ಹರಳು, ಸಿಲಿಸಿಕ್ ಆಮ್ಲದ ಸ್ಪ್ರೇ: ಭತ್ತಕ್ಕೆ ಯಾವುದಕ್ಕೆ ದುಡ್ಡು ಹಾಕಬಹುದು?

ಗೊಬ್ಬರದ ಅಂಗಡಿಯಲ್ಲಿ ಸಿಲಿಕಾನ್ ಹೆಸರಿನಲ್ಲಿ ಮುಖ್ಯವಾಗಿ ಮೂರು ಬಗೆಯ ಮಾಲು ಸಿಗುತ್ತದೆ: ಚೀಲದಲ್ಲಿ ಬರುವ ಡಯಾಟಮ್ ಮಣ್ಣಿನ ಹರಳು, ಬಾಟಲಿಯಲ್ಲಿ ಬರುವ ಆರ್ಥೋ ಸಿಲಿಸಿಕ್ ಆಮ್ಲ, ಮತ್ತು ಪೊಟ್ಯಾಸಿಯಂ ಸಿಲಿಕೇಟ್. ಬರ, ಚೌಳು, ರೋಗ ಯಾವುದು ಬಂದರೂ ಪೈರು ತಡೆದುಕೊಳ್ಳುತ್ತದೆ ಎಂಬ ಮಾತು ಮೂರರ ಮೇಲೂ ಇರುತ್ತದೆ. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಭತ್ತ ಮತ್ತು ಕಬ್ಬಿಗೆ ಹರಳು ತಕ್ಕ ಬೆಲೆಗೆ ಸಿಕ್ಕರೆ ಕೊಳ್ಳಬಹುದು. ಸಿಲಿಸಿಕ್ ಆಮ್ಲದ ಸ್ಪ್ರೇಯನ್ನು ಗೊಬ್ಬರ ಎಂದು ಲೆಕ್ಕಕ್ಕೆ ಹಿಡಿಯಬಾರದು. ಟೊಮೇಟೊಗೆ ಇವುಗಳ ಮೇಲೆ ಖರ್ಚು ಮಾಡುವುದು ಬೇಡ. ಏಕೆ ಎನ್ನುವುದಕ್ಕೆ ಉತ್ತರ ಬೇರಿನೊಳಗಿದೆ.

ಡಯಾಟಮ್ ಎಂದರೆ ಗಾಜಿನಂಥ ಚಿಪ್ಪು ಕಟ್ಟಿಕೊಳ್ಳುವ ಏಕಕೋಶ ಪಾಚಿ. ನೀರಿನಲ್ಲಿ ಕರಗಿರುವ ಸಿಲಿಸಿಕ್ ಆಮ್ಲವನ್ನು, ಅಂದರೆ ಸಿಲಿಕಾನ್‌ನ ಕರಗಿದ ರೂಪವನ್ನು, ಕೋಶದೊಳಕ್ಕೆ ಎಳೆದುಕೊಳ್ಳಲು ಅದಕ್ಕೆ ವಿಶೇಷ ಪ್ರೋಟೀನ್‌ಗಳಿವೆ. ಅವುಗಳ ಜೀನ್ ಮೊದಲು ಗೊತ್ತಾದದ್ದು 1997ರಲ್ಲಿ, ಸಿಲಿಂಡ್ರೋಥೀಕ ಎಂಬ ಸಮುದ್ರದ ಡಯಾಟಮ್‌ನಲ್ಲಿ. ಸಿಲಿಕಾನ್ ಮುಗಿದರೆ ಚಿಪ್ಪು ಕಟ್ಟಲಾಗದು, ಹಾಗಾಗಿ ಕೋಶ ವಿಭಜನೆ ನಿಲ್ಲುತ್ತದೆ, ತಯಾರಾದ ಇಂಗಾಲ ಎಣ್ಣೆಯಾಗಿ ಒಳಗೇ ಶೇಖರವಾಗುತ್ತದೆ. ಹೀಗೆ ಬದುಕಿ ಸತ್ತ ಡಯಾಟಮ್‌ಗಳ ಚಿಪ್ಪು ಕೆರೆ, ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದೇ ಚೀಲದಲ್ಲಿರುವ ಮಣ್ಣು.

ಭತ್ತದ ಬೇರಿಗೂ ಅದೇ ಸಿಲಿಸಿಕ್ ಆಮ್ಲ ಬೇಕು, ಆದರೆ ಬಾಗಿಲು ಬೇರೆ. 2006ರಲ್ಲಿ ಎಲ್‌ಎಸ್‌ಐ1, 2007ರಲ್ಲಿ ಎಲ್‌ಎಸ್‌ಐ2 ಎಂಬ ಎರಡು ಪ್ರೋಟೀನ್‌ಗಳು ಭತ್ತದಲ್ಲಿ ಗೊತ್ತಾದವು. ಮೊದಲನೆಯದು ಬೇರಿನ ಕೋಶದ ಹೊರಮಗ್ಗುಲಲ್ಲಿ ಕೂತು ಆಮ್ಲವನ್ನು ಒಳಗೆ ಬಿಡುತ್ತದೆ, ಎರಡನೆಯದು ಒಳಮಗ್ಗುಲಲ್ಲಿ ಕೂತು ಅದನ್ನು ಮುಂದಕ್ಕೆ ತಳ್ಳುತ್ತದೆ. ಈ ಜೋಡಿಯ ಬಲದಿಂದಲೇ ಭತ್ತದ ಒಣತೂಕದಲ್ಲಿ ಸಿಲಿಕಾನ್ ಶೇ. 10ರವರೆಗೂ ಹೋಗಬಲ್ಲದು. ಟೊಮೇಟೊ ಬೇರಿಗೆ ಈ ಸಾಮರ್ಥ್ಯ ಇಲ್ಲ; ಎಷ್ಟು ಹಾಕಿದರೂ ಅದರ ಎಲೆಗೆ ಸೇರುವುದು ಅತ್ಯಲ್ಪ.

ಚಿಪ್ಪನ್ನು ಯಾವ ಬೇರೂ ಹಾಗೇ ನುಂಗುವುದಿಲ್ಲ, ಕರಗಿದ್ದಷ್ಟೇ ಒಳಗೆ ಹೋಗುತ್ತದೆ ಎಂಬುದು ಕೊಳ್ಳುವವರು ಮೊದಲು ತಿಳಿಯಬೇಕಾದ ಸಂಗತಿ. ಸಿಲಿಕಾ ಎಂದರೆ ಸಿಲಿಕಾನ್, ಆಮ್ಲಜನಕ ಸೇರಿದ ವಸ್ತು. ಡಯಾಟಮ್ ಚಿಪ್ಪಿನಲ್ಲಿರುವಂಥ, ಸ್ಫಟಿಕವಾಗದ ಸಿಲಿಕಾ ಒಂದು ಲೀಟರ್ ನೀರಿಗೆ ಸುಮಾರು 120 ಮಿಲಿಗ್ರಾಂ ಕರಗಬಲ್ಲದು. ಮರಳಿನ ಸ್ಫಟಿಕ 10 ಮಿಲಿಗ್ರಾಂ ಆಸುಪಾಸು. ಚೀಲದ ಮೇಲೆ ಶೇ. 85 ಸಿಲಿಕಾ ಎಂದಿದ್ದರೆ ಅದು ಒಟ್ಟು ಲೆಕ್ಕ. ಮರಳನ್ನು ಪರೀಕ್ಷೆಗೆ ಕೊಟ್ಟರೂ ಅದಕ್ಕಿಂತ ದೊಡ್ಡ ಸಂಖ್ಯೆ ಬರುತ್ತದೆ! ಡಯಾಟಮ್ ಮಣ್ಣನ್ನೇ ಭಾರಿ ಉಷ್ಣದಲ್ಲಿ ಹುರಿದರೆ ಅದೂ ಸ್ಫಟಿಕವಾಗಿ ಮಾರ್ಪಟ್ಟು ಕ್ರಿಸ್ಟೋಬಲೈಟ್ ಆಗುತ್ತದೆ. ಈಜುಕೊಳದ ಫಿಲ್ಟರಿಗೆ ಬಳಸುವುದು ಇಂಥದ್ದನ್ನೇ. ಅದು ಸರಿಯಾಗಿ ಕರಗದು, ದೂಳು ಶ್ವಾಸಕೋಶಕ್ಕೆ ಅಪಾಯ. ಹುರಿಯದ ಮಣ್ಣು ಸಾಮಾನ್ಯವಾಗಿ ಕೆನೆ ಅಥವಾ ಬೂದು ಬಣ್ಣದ್ದು. ಹುರಿದದ್ದು ನಸುಗೆಂಪು, ಸೋಡಾ ಸೇರಿಸಿ ಹುರಿದದ್ದು ಅಚ್ಚ ಬಿಳುಪು. ಹರಳಿಗೆ ಬಣ್ಣ ಬಳಿದಿದ್ದರೆ ಒಂದನ್ನು ಒಡೆದು ಒಳಗೆ ನೋಡಿ.

ಕೊಳ್ಳುವ ಮುನ್ನ ಒಂದು ಹಿಡಿ ತಂದು ಪರೀಕ್ಷಿಸುವುದು ಕಷ್ಟವಲ್ಲ. ಗಾಜಿನ ಲೋಟದ ನೀರಿಗೆ ಒಂದು ಚಮಚ ಹರಳು ಹಾಕಿ ಅರ್ಧ ಗಂಟೆ ಬಿಡಿ. ಉದುರಿ ಹುಡಿಯಾಗಬೇಕು, ಬೆರಳಲ್ಲಿ ಒತ್ತಿದರೂ ಕಲ್ಲಿನಂತಿದ್ದರೆ ಅಂಟು ಗಟ್ಟಿಯಾಗಿದೆ, ಗದ್ದೆಯಲ್ಲೂ ಹಾಗೇ ಉಳಿಯುತ್ತದೆ. ಉಬ್ಬಿ ಲೋಳೆಯಾದರೆ ಅದರಲ್ಲಿ ಬೆಂಟೊನೈಟ್ ಜೇಡಿಯೇ ಹೆಚ್ಚು. ಒಣ ಹರಳಿನ ಮೇಲೆ ನಿಂಬೆರಸ ಹಿಂಡಿದಾಗ ಬುರುಗು ಬಂದರೆ ಸುಣ್ಣದ ಕಲ್ಲು ಬೆರೆತಿದೆ. ಹತ್ತಿರದ ಕಾಲೇಜಿನಲ್ಲಿ 400 ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕವಿದ್ದರೆ ಹುಡಿಯ ಒಂದು ಹನಿಯನ್ನು ಅದರಡಿ ಇಡಿ. ಸಾಲುಸಾಲು ತೂತುಗಳಿರುವ ಕೊಳವೆ, ಬಿಲ್ಲೆ, ದೋಣಿಯಾಕಾರದ ಚೂರುಗಳು ಕಾಣಬೇಕು. ಬರೀ ಅಡ್ಡಾದಿಡ್ಡಿ ಕಣಗಳಷ್ಟೇ ಕಂಡರೆ ಆ ಚೀಲ ಬೇಡ.

ಪ್ರಮಾಣ ಹೆಕ್ಟೇರಿಗೆ 300 ಕಿಲೋ, ಅಂದರೆ ಎಕರೆಗೆ 120 ಕಿಲೋ. ಕೊನೆಯ ಕೆಸರು ಮಾಡುವಾಗ ಎರಚಿ ಮಣ್ಣಿಗೆ ಸೇರಿಸಿದರೆ ಉತ್ತಮ. ತಪ್ಪಿದರೆ ನಾಟಿಯಾದ 15–20 ದಿನದೊಳಗೆ, ಗದ್ದೆಯಲ್ಲಿ ಎರಡು ಬೆರಳು ನೀರು ನಿಲ್ಲಿಸಿ ಹಾಕಬಹುದು. ಬದುವಿನ ಮಡೆ ಕಟ್ಟದೆ ಗದ್ದೆಯಿಂದ ಗದ್ದೆಗೆ ನೀರು ಹರಿಯುತ್ತಿದ್ದರೆ ಹಾಕಿದ್ದು ಪಕ್ಕದವರ ಪಾಲು. ಪೈರಿಗೆ ಅತಿ ಮುಖ್ಯವಾಗಿ ಸಿಲಿಕಾನ್ ಬೇಕಾಗುವುದು ಹೊಡೆ ಕಟ್ಟುವ ಹಂತದಲ್ಲಿ. ಚಿಪ್ಪು ನಿಧಾನವಾಗಿ ಕರಗುವುದರಿಂದ ತೆನೆ ಬಂದ ಮೇಲೆ ಹಾಕಿದ್ದು ಆ ಬೆಳೆಗೆ ಸಿಗದು.

ಈಗ ಸ್ಪ್ರೇ. ಶೇ. 0.8ರ ಆರ್ಥೋ ಸಿಲಿಸಿಕ್ ಆಮ್ಲವನ್ನು ಲೀಟರಿಗೆ 2 ಮಿಲಿ ಬೆರೆಸಿ ಎಕರೆಗೆ 200 ಲೀಟರ್ ಹೊಡೆದರೆ ಖರ್ಚಾಗುವ ದ್ರಾವಣ 400 ಮಿಲಿ. ಅದರಲ್ಲಿ ಆಮ್ಲ ಸುಮಾರು 3.2 ಗ್ರಾಂ, ಸಿಲಿಕಾನ್ ಒಂದು ಗ್ರಾಂಗೂ ಕಡಿಮೆ. ಹೆಕ್ಟೇರಿಗೆ 5 ಟನ್ ಭತ್ತ ಬೆಳೆಯುವಾಗ ಬೆಳೆ ಮಣ್ಣಿನಿಂದ ತೆಗೆಯುವುದು 230ರಿಂದ 470 ಕಿಲೋ ಸಿಲಿಕಾನ್. ಎಕರೆಗೆ ಇಳಿಸಿದರೆ ಕನಿಷ್ಠ ಲೆಕ್ಕವೇ ನೂರು ಕಿಲೋ ಹತ್ತಿರ ಬರುತ್ತದೆ. ನೂರು ಕಿಲೋ ಬೇಡಿಕೆಗೆ ಒಂದು ಗ್ರಾಂ! ಮೂರು ಸಲ ಹೊಡೆದರೂ ಮೂರು ಗ್ರಾಂ. ಎಲೆಯ ಮೇಣದ ಪದರದಲ್ಲಿ ಬೇರಿನಂಥ ಬಾಗಿಲುಗಳೂ ಇಲ್ಲ. ಹಾಗಾಗಿ ಇದು ಪೋಷಕಾಂಶದ ಕೊರತೆ ತುಂಬುತ್ತದೆ ಎಂಬ ಮಾತನ್ನು ಒಪ್ಪಲಾಗದು.

ಪೊಟ್ಯಾಸಿಯಂ ಸಿಲಿಕೇಟ್ ತುಸು ಬೇರೆ. ನೀರಿನಲ್ಲಿ ಬೆಳೆಸುವ ಸೌತೆಗೆ ಲೀಟರಿಗೆ 100 ಮಿಲಿಗ್ರಾಂ ಸಿಲಿಕಾ ಆಗುವಂತೆ ಬೇರಿಗೆ ಕೊಟ್ಟರೆ ಬೂದಿ ರೋಗ ಕಡಿಮೆಯಾಗುತ್ತದೆ. ಸೌತೆಯ ಬೇರು ಅದನ್ನು ಹೀರಬಲ್ಲದು. ಆದರೆ ದ್ರಾವಣದ ಪಿಎಚ್ 11ರ ಮೇಲಿರುತ್ತದೆ, ಅಂದರೆ ತೀವ್ರ ಕ್ಷಾರ. ಕ್ಯಾಲ್ಸಿಯಂ ನೈಟ್ರೇಟ್, ಜಿಂಕ್ ಸಲ್ಫೇಟ್ ಜೊತೆ ಬೆರೆಸಿದರೆ ಬಿಳಿ ಗಷ್ಟು ಕೂರುತ್ತದೆ, ಆಮ್ಲೀಯ ಔಷಧ ಸೇರಿದರೆ ದ್ರಾವಣ ಲೋಳೆಯಾಗಿ ನಾಜಲ್ ಕಟ್ಟುತ್ತದೆ. ಟ್ಯಾಂಕಿಗೆ ಮೊದಲು ಪೂರ್ತಿ ನೀರು, ಆಮೇಲೆ ಸಿಲಿಕೇಟ್, ಕಲಕಿದ ಮೇಲೆ ಪಿಎಚ್ ಇಳಿಸುವುದು, ಕೊನೆಗೆ ಉಳಿದ ಪೋಷಕಾಂಶ.

ಚೀಲದ ಮೇಲಿನ ‘ಮಾಲಿಕ್ಯುಲರ್ ಮಟ್ಟದಲ್ಲಿ ಒತ್ತಡ ನಿವಾರಣೆ’ ಎಂಬ ಮಾತಿನಲ್ಲಿ ಅರ್ಧ ನಿಜವಿದೆ. ಬರ ಬಂದಾಗ ಗಿಡ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನ್ ತಯಾರಿಸುತ್ತದೆ. ಅದು ತನ್ನ ಗ್ರಾಹಕ ಪ್ರೋಟೀನಿಗೆ ಅಂಟಿದಾಗ ಪಿಪಿ2ಸಿ ಎಂಬ ತಡೆ ಬಿಡುತ್ತದೆ, ಎಸ್‌ಎನ್‌ಆರ್‌ಕೆ2 ಕಿಣ್ವ ಚುರುಕಾಗುತ್ತದೆ, ಎಲೆಯ ಸೂಕ್ಷ್ಮ ರಂಧ್ರದ ಅಕ್ಕಪಕ್ಕದ ಕಾವಲುಕೋಶದಿಂದ ಅಯಾನುಗಳು ಹೊರಹೋಗಿ ಆ ರಂಧ್ರ ಮುಚ್ಚುತ್ತದೆ, ನೀರು ಉಳಿಯುತ್ತದೆ. ಈ ಸರಪಳಿಗೆ ಸಿಲಿಕಾನ್ ಬದಲಿಯಲ್ಲ. ವಿಜ್ಞಾನಿಗಳು ಪ್ರಯೋಗಕ್ಕೆ ಬಳಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಮೇಲೆ 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರೋಗ್ಯವಂತ ಗಿಡಕ್ಕೆ ಸಿಲಿಕಾನ್ ಕೊಟ್ಟಾಗ ಬದಲಾದ ಜೀನ್ ಎರಡೇ. ಬೂದಿ ರೋಗ ತಗುಲಿದಾಗ ಸುಮಾರು ನಾಲ್ಕು ಸಾವಿರ ಜೀನ್‌ಗಳ ಚಟುವಟಿಕೆ ಏರುಪೇರಾಯಿತು, ಸಿಲಿಕಾನ್ ಇದ್ದ ಗಿಡದಲ್ಲಿ ಆ ಏರುಪೇರು ತಗ್ಗಿತು. ಅಂದರೆ ಇದು ಟಾನಿಕ್ ಅಲ್ಲ, ರಕ್ಷಾಕವಚ. ರೋಗವೂ ಬರವೂ ಇಲ್ಲದ ಗದ್ದೆಯಲ್ಲಿ ಇದು ಇಳುವರಿ ಏರಿಸಿಬಿಡುತ್ತದೆ ಎಂದು ನಂಬಿ ಕೊಳ್ಳಬೇಡಿ.

ಬೆಂಕಿ ರೋಗ ಪದೇಪದೇ ಬರುವ, ಯೂರಿಯಾ ಹೆಚ್ಚಾಗಿ ಗರಿ ಜೋತುಬೀಳುವ ಗದ್ದೆಯಲ್ಲಿ ಫಲ ಕಾಣುತ್ತದೆ. ಸಿಲಿಕಾನ್ ಸೇರಿದ ಗರಿಯ ಹೊರಪದರದ ಕೋಶಗಳಲ್ಲಿ ಡಮರುಗದಂಥ ಗಾಜಿನ ಕಣಗಳು ಸಾಲಾಗಿ ಕೂತಿರುತ್ತವೆ. ಅಂಚಿನ ಮೇಲೆ ಬೆರಳಾಡಿಸಿದರೆ ಗರಗಸದಂತೆ ಕೊರೆಯುತ್ತದೆ. ಚೌಳು ಭೂಮಿಯಲ್ಲೂ ಪ್ರಯೋಜನವಿದೆ: ಬೇರಿನ ಕೋಶಗೋಡೆಗಳ ಸಂದಿಯಿಂದ ಒಳನುಸುಳುವ ಸೋಡಿಯಂ ಕಡಿಮೆಯಾಗುತ್ತದೆ. ಆದರೆ ತುಂಗಭದ್ರಾ ಅಚ್ಚುಕಟ್ಟಿನಂಥ ಕಡೆ ಬಸಿಗಾಲುವೆ ತೆಗೆಯದೆ, ಕ್ಷಾರ ಮಣ್ಣಿಗೆ ಜಿಪ್ಸಮ್ ಹಾಕದೆ, ಇದೊಂದನ್ನೇ ನೆಚ್ಚಿಕೊಂಡರೆ ಬೆಳೆ ಉಳಿಯದು.

120 ಕಿಲೋ ಹರಳಿನಲ್ಲಿ ಶೇ. 80 ಸಿಲಿಕಾ ಇದ್ದರೆ ಸಿಲಿಕಾನ್ ಸುಮಾರು 45 ಕಿಲೋ (ಸಿಲಿಕಾವನ್ನು 0.467ರಿಂದ ಗುಣಿಸಿ), ಅದೂ ಒಂದೇ ಬೆಳೆಗೆ ಪೂರ್ತಿ ಕರಗದು. ಎರಡು ಟನ್ ಭತ್ತದ ಹುಲ್ಲಿನಲ್ಲಿ ಶೇ. 5ರ ಲೆಕ್ಕಕ್ಕೆ 100 ಕಿಲೋ ಇರುತ್ತದೆ. ದನ ಹುಲ್ಲು ತಿಂದರೂ ಅದರ ಬಹುಪಾಲು ಸಗಣಿಯಲ್ಲೇ ಬರುತ್ತದೆ, ತಿಪ್ಪೆಗೊಬ್ಬರ ಅದೇ ಗದ್ದೆಗೆ ಹೋದರೆ ಸರಿ. ಹುಲ್ಲು ಮಾರುವವರಿಗೆ ಲೆಕ್ಕ ಬೇರೆ. ಕೊಯ್ಲಿನ ಹೊತ್ತಿಗೆ ಹುಲ್ಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು, ಸಿಲಿಕಾನ್ ಶೇ. 5ಕ್ಕಿಂತ ಕಡಿಮೆ ಬಂದರೆ ಮುಂದಿನ ನಾಟಿಗೆ ಚೀಲ ತರಿಸಿ. ಎರಚುವಾಗ ಮೂಗಿಗೆ ಬಟ್ಟೆ ಸಾಲದು, ದೂಳು ತಡೆಯುವ ಮಾಸ್ಕನ್ನೇ ಹಾಕಿಕೊಳ್ಳಿ.